ಮೆಚ್ಚಿದ ರಾಕ್ ತಂಡಕ್ಕೆ ಮೊದಲು ವೇದಿಕೆ ಹತ್ತುವುದು: ಚಿಕ್ಕಮಗಳೂರಿನ ಬ್ಯಾಂಡುಗಳಿಗೆ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನಂಥ ಊರಿಗೆ ಹೆಸರಾಂತ ರಾಕ್ ತಂಡ ಬರುವುದೇ ಅಪರೂಪ. ಬಂದಾಗ, ಅವರಿಗಿಂತ ಮೊದಲು ಅರ್ಧ ಗಂಟೆ ನುಡಿಸಲು ಸಂಘಟಕರು ಊರಿನದೇ ಒಂದು ಬ್ಯಾಂಡನ್ನು ಹುಡುಕುತ್ತಾರೆ. ಜನ ಬೇಗ ಬಂದು ಸೇರಲಿ, ಖಾಲಿ ಹೊತ್ತು ತುಂಬಲಿ, ಸ್ಥಳೀಯರಿಗೂ ಅವಕಾಶ ಕೊಟ್ಟಂತಾಗಲಿ ಎಂಬುದು ಅವರ ಲೆಕ್ಕ. ಆ ಬ್ಯಾಂಡು ನಿಮ್ಮದಾಗಿದ್ದು, ಬರುವವರು ನೀವು ಹೈಸ್ಕೂಲಿನಿಂದ ಕೇಳುತ್ತ ಬೆಳೆದವರೇ ಆಗಿದ್ದರೆ ಏನೇನು ಮಾಡಬೇಕು, ಯಾವುದನ್ನು ಮೊದಲು ಮಾಡಬೇಕು ಎನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಬೇಸ್ ಗಿಟಾರ್ ನುಡಿಸುವವನು. ಕಾರ್ಯಕ್ರಮಗಳ ಕಾಲದಲ್ಲಿ ಸೌಂಡ್ ಸಿಸ್ಟಮ್‌ನವರ ಜೊತೆ ವೇದಿಕೆಯ ಉಸ್ತುವಾರಿಗೂ ಹೋಗುತ್ತೇನೆ. ಹಾಗಾಗಿ ಹತ್ತುವವರ ಕಷ್ಟವೂ ಗೊತ್ತು, ಹತ್ತಿಸುವವರ ಸಿಟ್ಟೂ ಗೊತ್ತು.

ಈ ಕೆಲಸದಲ್ಲಿ ಬಹುಪಾಲು ಬ್ಯಾಂಡುಗಳ ಕಾಲಿಗೆ ತೊಡರುವುದು ಅವರ ಅಭಿಮಾನವೇ. ಅಭಿಮಾನ ಉಕ್ಕಿದ ಬ್ಯಾಂಡು ಆ ತಂಡದ ಧಾಟಿಯಲ್ಲೇ ಹಾಡು ಕಟ್ಟುತ್ತದೆ, ಅವರೆದುರು ಮಿಂಚಬೇಕೆಂದು ಆಂಪ್ (ಗಿಟಾರಿನ ಸದ್ದು ಹಿಗ್ಗಿಸುವ ಪೆಟ್ಟಿಗೆ) ಏರಿಸುತ್ತದೆ, ಇನ್ನೊಂದೇ ಒಂದು ಹಾಡು ಎಂದು ಸಮಯ ಮೀರುತ್ತದೆ, ಅವರು ಊಟಕ್ಕೆ ಕೂತಾಗ ಸೆಲ್ಫಿಗೆ ನಿಲ್ಲುತ್ತದೆ. ಅಭಿಮಾನವನ್ನು ಎಲ್ಲಿ ಅದುಮಿಡಬೇಕು ಎಂದು ತಿಳಿದವರಿಗೆ ಉಳಿದದ್ದು ಬರೀ ಸಿದ್ಧತೆಯ ಪ್ರಶ್ನೆ.

ಇದು ಕೀಳು ಕೆಲಸ ಎಂದುಕೊಳ್ಳುವವರೂ ಇದ್ದಾರೆ. ಅದು ತಪ್ಪು. 2007ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಹೆಸರಾಂತ ತಂಡ ಐರನ್ ಮೇಡನ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಅವರಿಗೆ ಮೊದಲು ವೇದಿಕೆ ಹತ್ತಿದವರಲ್ಲಿ ದೆಹಲಿಯ ಪರಿಕ್ರಮ ತಂಡವಿತ್ತು. ಅದೇ ವರ್ಷ ಪರಿಕ್ರಮ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲೂ ನುಡಿಸಿತು. 2011ರ ಅಕ್ಟೋಬರ್ 30ರಂದು ಅಮೆರಿಕದ ಮೆಟಾಲಿಕಾ ಅದೇ ಮೈದಾನಕ್ಕೆ ಬಂದಾಗ ಸ್ಕಾಟ್ಲೆಂಡಿನ ಬಿಫಿ ಕ್ಲೈರೊ ಜೊತೆಗೆ ಬೆಂಗಳೂರಿನ ಇನ್ನರ್ ಸ್ಯಾಂಕ್ಟಮ್ ಕೂಡ ನುಡಿಸಿತ್ತು. ಇವರೆಲ್ಲ ಆ ವೇಳೆಗೆ ತಮ್ಮದೇ ಹಾಡು, ತಮ್ಮದೇ ಕೇಳುಗರು ಇದ್ದವರು ಎಂಬುದನ್ನು ಗಮನಿಸಿ.

ಕರೆ ಎಲ್ಲಿಂದ ಬರುತ್ತದೆ

ಮೆಚ್ಚಿದ ತಂಡದ ಪುಟಕ್ಕೇ ಸಂದೇಶ ಕಳಿಸಿ ಕಾಯುವುದು ಎಲ್ಲರೂ ಮಾಡುವ ಕೆಲಸ, ಫಲ ಕಡಿಮೆ. ಸ್ಥಳೀಯ ಬ್ಯಾಂಡು ಯಾವುದು ಎಂದು ತೀರ್ಮಾನಿಸುವವರು ಸಾಮಾನ್ಯವಾಗಿ ಸಂಘಟಕರು. ನಮ್ಮ ಕಡೆ ಸಂಘಟಕರೆಂದರೆ ಮೂರು ಬಗೆ. ಒಂದು, ಕಾಲೇಜು ಉತ್ಸವ ಸಮಿತಿ: ಇಲ್ಲಿನ ಎಐಟಿ, ಹಾಸನದ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜಿನಂಥವು. ಎರಡು, ಜಿಲ್ಲಾಡಳಿತದ ಉತ್ಸವ. ಅಲ್ಲಿ ಸ್ಥಳೀಯ ಕಲಾವಿದರ ಪಟ್ಟಿ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯ ಮೂಲಕ ಹೋಗುವುದು ರೂಢಿ. ಮೂರು, ರೆಸಾರ್ಟ್ ಮತ್ತು ಎಸ್ಟೇಟುಗಳಲ್ಲಿ ಕಾರ್ಯಕ್ರಮ ಮಾಡಿಸುವ ಬೆಂಗಳೂರಿನ ಕಂಪನಿಗಳು.

ಈ ಮೂವರಿಗೂ ಬೇಕಾದ ಮಾತನ್ನು ಹೇಳುವ ನಾಲ್ಕನೆಯವನೊಬ್ಬನಿದ್ದಾನೆ: ಸೌಂಡ್ ಸಿಸ್ಟಮ್ ಕೊಡುವವನು. “ಊರಿನಲ್ಲಿ ಯಾವ ಬ್ಯಾಂಡ್ ತಲೆನೋವಿಲ್ಲದೆ ನುಡಿಸುತ್ತದೆ?” ಎಂದು ಸಂಘಟಕರು ಕೇಳುವುದು ಅವನನ್ನೇ. ಗಣೇಶೋತ್ಸವದ ಪೆಂಡಾಲಿನಲ್ಲೋ ರಾಜ್ಯೋತ್ಸವದ ಆರ್ಕೆಸ್ಟ್ರಾದಲ್ಲೋ ನೀವು ನುಡಿಸಿದ ರಾತ್ರಿ, ಅವನ ಹುಡುಗರ ಜೊತೆ ಕೇಬಲ್ ಸುತ್ತಲು ಕೈ ಹಾಕಿದ್ದೀರಾ ಇಲ್ಲವಾ ಎಂಬುದು ಅವನಿಗೆ ನೆನಪಿರುತ್ತದೆ.

ಸಂಘಟಕರಿಗೆ ಕಳಿಸುವುದು ಹೆಚ್ಚೇನೂ ಬೇಡ. ಐದಾರು ಸಾಲಿನ ಪರಿಚಯ, ಸಂಪರ್ಕಿಸಬೇಕಾದ ಒಬ್ಬರ ಮೊಬೈಲ್ ಸಂಖ್ಯೆ, ಜನರ ಮುಂದೆ ನುಡಿಸಿದ ಮೂರ್ನಾಲ್ಕು ನಿಮಿಷದ ಒಂದು ವಿಡಿಯೊ. ಸ್ಟುಡಿಯೊದಲ್ಲಿ ತಿದ್ದಿ ತೀಡಿದ ಹಾಡು ನೀವು ವೇದಿಕೆಯ ಮೇಲೆ ನಿಭಾಯಿಸುತ್ತೀರಿ ಎನ್ನುವುದಕ್ಕೆ ಸಾಕ್ಷಿಯಲ್ಲ. ಎಲ್ಲೂ ತುಂಡರಿಸದ, ಇಡೀ ಬ್ಯಾಂಡು ಕಾಣುವ, ಹಾಡಿದ್ದು ಕೇಳಿಸುವ ವಿಡಿಯೊ ಸಾಕು.

ಒಪ್ಪುವ ಮೊದಲು

ಕರೆ ಬಂದ ಖುಷಿಯಲ್ಲಿ ಹೂಂ ಎಂದುಬಿಡುವುದು ಸಹಜ. ಅದಕ್ಕೆ ಮೊದಲು ಒಂದಿಷ್ಟು ಕೇಳಿ, ಉತ್ತರವನ್ನು ವಾಟ್ಸ್‌ಆ್ಯಪ್‌ನಲ್ಲಾದರೂ ಬರಹದಲ್ಲಿ ಪಡೆಯಿರಿ. ಎಷ್ಟು ನಿಮಿಷ? ಎಷ್ಟು ಗಂಟೆಗೆ? ಡ್ರಮ್ ಸೆಟ್ಟು, ಆಂಪ್‌ಗಳನ್ನು ಯಾರು ತರುತ್ತಾರೆ, ಅವನ್ನು ನಾವು ಬಳಸಬಹುದೇ? ನಮಗೆ ಎಷ್ಟು ಮೈಕ್, ಮಿಕ್ಸರಿನಲ್ಲಿ ಎಷ್ಟು ಚಾನೆಲ್ (ಒಂದೊಂದು ವಾದ್ಯದ, ದನಿಯ ಸದ್ದು ಒಳಬರುವ ದಾರಿ)? ಪೋಸ್ಟರಿನಲ್ಲಿ ಹೆಸರು ಬರುತ್ತದೆಯೇ? ಕಾರ್ಯಕ್ರಮ ರದ್ದಾದರೆ ಖರ್ಚು ಯಾರದು? ಕೊನೆಯ ಪ್ರಶ್ನೆ ಅಪಶಕುನವೆಂದು ನುಂಗಿಕೊಳ್ಳಬೇಡಿ. ಮೆಟಾಲಿಕಾ ಬೆಂಗಳೂರಿಗೆ ಬರುವ ಎರಡು ದಿನ ಮೊದಲು ಗುರುಗ್ರಾಮದಲ್ಲಿ ನುಡಿಸಬೇಕಿತ್ತು. ಜನ ಬಂದು ಸೇರಿದ ಮೇಲೆ ಅದು ರದ್ದಾಯಿತು. ನಮ್ಮಲ್ಲಿ ಒಂದು ಅಡ್ಡಮಳೆ ಸಾಕು.

ದುಡ್ಡಿನ ವಿಷಯ. ಇದರಿಂದ ದೊಡ್ಡ ಸಂಭಾವನೆ ನಿರೀಕ್ಷಿಸಬೇಡಿ, ಆದರೆ ವಾಹನದ ಖರ್ಚು ಮತ್ತು ಊಟವನ್ನು ಕೇಳಿ ಪಡೆಯಿರಿ. “ಇಷ್ಟು ಟಿಕೆಟ್ ಮಾರಿಕೊಟ್ಟರೆ ನುಡಿಸಲು ಬಿಡುತ್ತೇವೆ” ಎನ್ನುವವರಿಗೆ ನಮಸ್ಕಾರ ಹೇಳಿ ಎದ್ದು ಬನ್ನಿ. ಅಭಿಮಾನವನ್ನು ರೊಕ್ಕ ಮಾಡಿಕೊಳ್ಳುವವರು ಎಲ್ಲ ಊರಿನಲ್ಲೂ ಇದ್ದಾರೆ.

ಬೇರೆಯವರ ಹಾಡು ನುಡಿಸುವುದಿದ್ದರೆ ಪಟ್ಟಿಯನ್ನು ಸಂಘಟಕರಿಗೆ ಮುಂಚೆಯೇ ಕೊಡಿ. ಸಾರ್ವಜನಿಕ ಪ್ರದರ್ಶನದ ಪರವಾನಗಿಯನ್ನು, ಹಾಡು ಬರೆದವರ, ಸಂಯೋಜಿಸಿದವರ ಹಕ್ಕು ನೋಡಿಕೊಳ್ಳುವ ಐಪಿಆರ್‌ಎಸ್‌ನಂಥ ಸಂಸ್ಥೆಯಿಂದ ಪಡೆಯುವುದು ಸಾಮಾನ್ಯವಾಗಿ ಕಾರ್ಯಕ್ರಮ ನಡೆಸುವವರ ಕೆಲಸ. ಕನ್ನಡ ಬ್ಯಾಂಡುಗಳಿಗೆ ಇಲ್ಲಿ ಒಂದು ಸೂಕ್ಷ್ಮವಿದೆ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮ ಕಾನೂನಿನಲ್ಲಿ ಹಕ್ಕುಸ್ವಾಮ್ಯ ಇರುವುದು ಕರ್ತೃವಿನ ನಂತರ 60 ವರ್ಷ. ಹಾಗಾಗಿ ಅವರ ಸಾಹಿತ್ಯ ಎಲ್ಲರದು. ಆದರೆ ನಿಮ್ಮ ಕಿವಿಯಲ್ಲಿರುವ ಧಾಟಿ ಸಿ. ಅಶ್ವತ್ಥ್ ಅವರಂಥ ನಮ್ಮ ಕಾಲದ ಸಂಯೋಜಕರದ್ದಾಗಿರಬಹುದು. ಸ್ವಂತ ಧಾಟಿ ಕಟ್ಟುವುದು ಎರಡು ರೀತಿಯಲ್ಲಿ ಒಳ್ಳೆಯದು.

ಹಾಡುಗಳ ಆಯ್ಕೆ

ಗೆಲ್ಲುವುದೂ ಸೋಲುವುದೂ ಇಲ್ಲೇ. ಮೊದಲ ನಿಯಮ: ಬರುವ ತಂಡದ ಹಾಡನ್ನು ಅವರೆದುರು ನುಡಿಸಬೇಡಿ. ಗೌರವ ಸಲ್ಲಿಸುತ್ತಿದ್ದೇವೆ ಎಂದು ನಿಮಗನ್ನಿಸುತ್ತದೆ. ಅವರು ಆ ಹಾಡನ್ನು ಗಂಟೆಯ ನಂತರ ಎತ್ತಿದಾಗ ಜನಕ್ಕೆ ಅದು ಎರಡನೆಯ ಸಲ. ಅವರು ಬಳಸುವ ತತ್ವಪದ, ದಾಸರ ಪದಗಳಿಗೂ ಇದೇ ಮಾತು. ಕನ್ನಡದ ರಾಕ್ ತಂಡಗಳಲ್ಲಿ ಶರೀಫರನ್ನು ಮುಟ್ಟದವರು ವಿರಳ. ಅವರ ಇತ್ತೀಚಿನ ಕಾರ್ಯಕ್ರಮಗಳ ವಿಡಿಯೊ ನೋಡಿ ಪಟ್ಟಿ ಮಾಡಿಕೊಂಡು, ಅದರಲ್ಲಿರುವ ಎಲ್ಲವನ್ನೂ ನಿಮ್ಮ ಪಟ್ಟಿಯಿಂದ ಹೊಡೆದುಹಾಕಿ. ಅವರ ತಂಡದಲ್ಲಿ ಪಿಟೀಲು ಮುಂದಿದ್ದರೆ ನಿಮ್ಮ ಪಿಟೀಲಿನ ಹಾಡನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ.

ಅರ್ಧ ಗಂಟೆ ಕೊಟ್ಟರೆ 25 ನಿಮಿಷದ ಸಂಗೀತ ಸಾಕು, ಅಂದರೆ ಐದು ಹಾಡು. ಉಳಿದದ್ದು ಮಾತಿಗೆ, ಶ್ರುತಿಗೆ, ಚಪ್ಪಾಳೆಗೆ, ಅನಿರೀಕ್ಷಿತಕ್ಕೆ ಹೋಗುತ್ತದೆ. ಕ್ರಮ ಹೀಗಿರಲಿ. ಮೊದಲನೆಯದು ಚಿಕ್ಕ ಹಾಡು, ಎಲ್ಲ ವಾದ್ಯಗಳೂ ಮೊದಲ ಆವರ್ತದಿಂದಲೇ ಇರುವ, ಹಾಡುಗಾರಿಕೆ ಬೇಗ ಶುರುವಾಗುವ ಹಾಡು. ಕಾರಣ ಕಲೆಯದ್ದಲ್ಲ: ಮಿಕ್ಸರ್ ಮುಂದೆ ಕೂತವನು ನಿಮ್ಮನ್ನು ಸರಿಯಾಗಿ ಕೇಳುತ್ತಿರುವುದು ಆಗಲೇ. ಎಲ್ಲ ಚಾನೆಲ್ಲುಗಳಲ್ಲೂ ಸದ್ದು ಬರುತ್ತಿದ್ದರೆ ಒಂದೂವರೆ ನಿಮಿಷದಲ್ಲಿ ಅವನು ಎಲ್ಲವನ್ನೂ ಸರಿದೂಗಿಸುತ್ತಾನೆ. ಒಂಟಿ ಗಿಟಾರಿನ ದೀರ್ಘ ಆಲಾಪದಿಂದ ಶುರುಮಾಡಿದರೆ ಅವನು ಗಿಟಾರನ್ನಷ್ಟೇ ಹೊಂದಿಸಿ ಕೂತಿರುತ್ತಾನೆ, ಡ್ರಮ್ಸ್ ನುಗ್ಗಿದಾಗ ಎಲ್ಲ ಕಲಸಿಹೋಗುತ್ತದೆ.

ಎರಡನೆಯದು ನಿಮ್ಮ ಸ್ವಂತದ್ದರಲ್ಲಿ ಅತ್ಯುತ್ತಮವಾದದ್ದು. ಅದನ್ನು ಕೊನೆಗೆ ಕಾಪಿಟ್ಟುಕೊಳ್ಳಬೇಡಿ, ಕೊನೆ ಬರದೆಯೂ ಹೋಗಬಹುದು. ಮೂರನೆಯದರಲ್ಲಿ ಸ್ವಲ್ಪ ವಿರಾಮದ ಲಯ ಇರಲಿ, ತೀರಾ ಮೆತ್ತಗಿನದು ಬೇಡ. ಆಗಿನ್ನೂ ಜನ ಕುರ್ಚಿ ಹುಡುಕುತ್ತ, ಚುರುಮುರಿ ಪೊಟ್ಟಣ ಹಿಡಿದು ಓಡಾಡುತ್ತಿರುತ್ತಾರೆ, ಪಿಸುಮಾತಿನ ಹಾಡು ಅವರ ಗದ್ದಲದಲ್ಲಿ ಕರಗುತ್ತದೆ. ನಾಲ್ಕನೆಯದು ಜನ ಸೇರಿ ಹಾಡಬಲ್ಲ ಪರಿಚಿತ ಕನ್ನಡ ಗೀತೆ, ನಿಮ್ಮದೇ ರೀತಿಯಲ್ಲಿ. ಐದನೆಯದು ಮತ್ತೆ ಸ್ವಂತದ್ದು, ವೇಗದ್ದು, ಖಚಿತವಾಗಿ ಮುಗಿಯುವಂಥದ್ದು. ಎರಡು ಹಾಡುಗಳ ನಡುವೆ ಗಿಟಾರಿನ ಶ್ರುತಿ ಬದಲಿಸಬೇಕಾಗುವ ಜೋಡಿಯನ್ನು ತಪ್ಪಿಸಿ. ಇಪ್ಪತ್ತು ಸೆಕೆಂಡಿನ ಟಿಂಯ್ ಟಿಂಯ್ ಸಾವಿರ ಜನರ ಮುಂದೆ ಬಹಳ ದೀರ್ಘ.

ಹದಿನೈದು ನಿಮಿಷದ ಪಟ್ಟಿಯೊಂದನ್ನೂ ಬರೆದಿಟ್ಟುಕೊಳ್ಳಿ. ಇದು ಅತಿಯಾದ ಎಚ್ಚರವಲ್ಲ. ನಮ್ಮ ಜಿಲ್ಲೆಯ ಯಾವುದೇ ಉತ್ಸವದ ಸಂಜೆಯನ್ನು ನೆನಪಿಸಿಕೊಳ್ಳಿ: ದೀಪ ಬೆಳಗಬೇಕು, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಪೇಟ, ಸ್ಮರಣಿಕೆ, ಮೂವರು ಗಣ್ಯರ ಭಾಷಣ. ಐದೂವರೆಗೆ ಮುಗಿಯಬೇಕಾದದ್ದು ಏಳಕ್ಕೆ ಮುಗಿಯುತ್ತದೆ. ಕಳೆದುಹೋದ ಆ ಹೊತ್ತನ್ನು ಮುಖ್ಯ ತಂಡದಿಂದ ಯಾರೂ ಕಡಿಯುವುದಿಲ್ಲ, ಗಣ್ಯರಿಂದಂತೂ ಇಲ್ಲವೇ ಇಲ್ಲ. ಕತ್ತರಿ ಬೀಳುವುದು ನಿಮಗೆ. ಆಗ ಮುಖ ಊದಿಸಿಕೊಳ್ಳದೆ “ಹದಿನೈದು ನಿಮಿಷವೇ? ಸರಿ” ಎಂದು ಮೂರು ಹಾಡಿಗೆ ಸಿದ್ಧರಾಗಿ ನಿಂತ ಬ್ಯಾಂಡನ್ನು ಸಂಘಟಕರು ಮುಂದಿನ ವರ್ಷವೂ ಕರೆಯುತ್ತಾರೆ.

ತಾಲೀಮು

ಇದಕ್ಕೆ ಬೇಕಾದ ತಾಲೀಮು ಹಾಡು ಕಲಿಯುವ ತಾಲೀಮಲ್ಲ. ಮೊಬೈಲಿನಲ್ಲಿ 25 ನಿಮಿಷ ಇಟ್ಟು, ನಿಂತುಕೊಂಡು, ನಡುವಿನ ಮಾತನ್ನೂ ಸೇರಿಸಿ, ಏನೇ ತಪ್ಪಿದರೂ ನಿಲ್ಲಿಸದೆ ಪೂರಾ ನುಡಿಸಿ. ಮೆಟ್ರೊನೋಮ್ ಇಟ್ಟುಕೊಂಡು ಪ್ರತಿ ಹಾಡಿನ ವೇಗ ಬರೆದಿಡಿ. ಜನರ ಮುಂದೆ ಎದೆಬಡಿತ ಏರಿ ಎಲ್ಲರೂ ಓಡುತ್ತಾರೆ. ಡ್ರಮ್ಮರ್ ಪ್ರತಿ ಹಾಡಿಗೂ ಮೊದಲು ಕಿವಿಯಲ್ಲಿ ಎರಡು ಆವರ್ತ ಕ್ಲಿಕ್ ಕೇಳಿಸಿಕೊಂಡರೆ ಅರ್ಧ ಸಮಸ್ಯೆ ತೀರಿತು. ಒಂದು ದಿನ ದೀಪ ಆರಿಸಿ ನುಡಿಸಿ. ಇನ್ನೊಂದು ದಿನ ಹಾಡುಗಾರನ ಸ್ಪೀಕರನ್ನು ತಿರುಗಿಸಿಟ್ಟು, ಅವನ ದನಿ ನಿಮಗೆ ಕೇಳಿಸದ ಹಾಗೆ ಮಾಡಿಕೊಂಡು ನುಡಿಸಿ. ವೇದಿಕೆಯಲ್ಲಿ ಎರಡೂ ಆಗುತ್ತದೆ.

ಸಾಮಾನು ಜೋಡಿಸುವುದನ್ನೂ ತೆಗೆಯುವುದನ್ನೂ ಗಡಿಯಾರ ನೋಡಿ ಅಭ್ಯಾಸ ಮಾಡಿ. ಜೋಡಿಸಲು ಎಂಟು ನಿಮಿಷ, ತೆಗೆಯಲು ನಾಲ್ಕು ಎಂಬ ಗುರಿ ಇಟ್ಟುಕೊಳ್ಳಿ. ಜಾಗದ ಬಗ್ಗೆ ಮುಂಚೆಯೇ ಯೋಚಿಸುವುದೂ ಒಳ್ಳೆಯದು: ಕಾರ್ಯಕ್ರಮಗಳ ಕಾಲವೂ ಕಾಫಿ ಕುಯ್ಲಿನ ಕಾಲವೂ ಒಂದರ ಮೇಲೊಂದು ಬೀಳುತ್ತವೆ. ನವೆಂಬರ್ ಕಳೆಯಿತೆಂದರೆ ತೋಟದ ಗೋದಾಮಿನಲ್ಲಿ ಮೂಟೆ ಪೇರಿಸಿರುತ್ತಾರೆ, ತೋಟದ ಮನೆಯ ಗಿಟಾರಿಸ್ಟ್ ಕಣದಲ್ಲಿರುತ್ತಾನೆ.

ಒಂದು ಹಾಳೆ

ನಿಮ್ಮ ಇಡೀ ಮರ್ಯಾದೆ ಒಂದು ಎ4 ಹಾಳೆಯಲ್ಲಿ ನಿಂತಿದೆ ಎಂದರೆ ಉತ್ಪ್ರೇಕ್ಷೆಯಲ್ಲ. ಅದರ ಒಂದು ಬದಿಯಲ್ಲಿ ವೇದಿಕೆಯ ನಕ್ಷೆ: ಪ್ರೇಕ್ಷಕರ ಕಡೆ ಹಾಳೆಯ ಕೆಳಗಿರುವಂತೆ ಚೌಕ ಎಳೆದು, ಯಾರು ಎಲ್ಲಿ ನಿಲ್ಲುತ್ತಾರೆ, ಯಾರ ಆಂಪ್ ಎಲ್ಲಿ, ಮಾನಿಟರ್ (ನುಡಿಸುವವರಿಗೆ ಕೇಳಿಸಲು ಅವರ ಕಡೆ ಮುಖ ಮಾಡಿಟ್ಟ ಸ್ಪೀಕರ್) ಎಲ್ಲಿ, ಕರೆಂಟ್ ಪಾಯಿಂಟ್ ಎಲ್ಲಿ ಬೇಕು ಎಂದು ಗುರುತಿಸಿ. ಎಡ ಬಲ ಎಂದು ಬರೆಯುವಾಗ ವೇದಿಕೆಯ ಮೇಲೆ ಜನರ ಕಡೆ ಮುಖ ಮಾಡಿ ನಿಂತವರ ಎಡ ಬಲವೇ ಲೆಕ್ಕ. ಸೌಂಡ್‌ನವರು ಹಾಗೆಯೇ ಓದುತ್ತಾರೆ.

ಇನ್ನೊಂದು ಬದಿಯಲ್ಲಿ ಚಾನೆಲ್ ಪಟ್ಟಿ. ನಾಲ್ಕೈದು ಜನರ ಬ್ಯಾಂಡಿಗೆ ಹನ್ನೆರಡು ಚಾನೆಲ್ ಧಾರಾಳ: ಡ್ರಮ್ ಸೆಟ್ಟಿನ ಕಿಕ್, ಸ್ನೇರ್, ಹೈ-ಹ್ಯಾಟ್, ಎರಡು ಟಾಮ್, ಮೇಲಿನಿಂದ ಒಂದು ಮೈಕ್, ಬೇಸ್ ಡಿಐ ಬಾಕ್ಸ್ (ವಾದ್ಯವನ್ನು ಮೈಕಿಲ್ಲದೆ ನೇರವಾಗಿ ಮಿಕ್ಸರಿಗೆ ಜೋಡಿಸುವ ಸಣ್ಣ ಪೆಟ್ಟಿಗೆ) ಮೂಲಕ, ಎರಡು ಗಿಟಾರ್ ಆಂಪ್‌ಗಳಿಗೆ ಶೂರ್ ಎಸ್‌ಎಂ57 ಮೈಕ್ ಅಥವಾ ಅಂಥದ್ದು, ಕೀಬೋರ್ಡಿಗೆ ಇನ್ನೊಂದು ಡಿಐ, ಹಾಡುವವರಿಗೆ ಎರಡು ಎಸ್‌ಎಂ58. ತಬಲವೋ ಚಂಡೆಯೋ ಇದ್ದರೆ ಪಟ್ಟಿಯಲ್ಲಿ ಸ್ಪಷ್ಟವಾಗಿ ಕಾಣಿಸಿ. “ಅಯ್ಯೋ, ಇದೂ ಒಂದಿದೆ” ಎಂದು ಸಂಜೆ ಆರಕ್ಕೆ ಹೇಳಿದರೆ ಮೈಕ್ ಎಲ್ಲಿಂದ ಬರಬೇಕು? ಡಿಐ ಬಾಕ್ಸಿಗೋ ಕಂಡೆನ್ಸರ್ ಮೈಕಿಗೋ ಮಿಕ್ಸರಿನಿಂದ ಕೇಬಲ್ ಮೂಲಕ ಬರುವ 48 ವೋಲ್ಟ್ ವಿದ್ಯುತ್ (ಫ್ಯಾಂಟಮ್) ಬೇಕಾದರೆ ಅದನ್ನೂ ಬರೆಯಿರಿ. ವಾರದ ಮೊದಲೇ ಕಳಿಸಿ, ಎರಡು ಪ್ರತಿ ಮುದ್ರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ. ಚಿಕ್ಕಮಗಳೂರಿನ ಮಂಜಿನಲ್ಲಿ ಇಂಕ್‌ಜೆಟ್ ಶಾಯಿ ಕದಡುತ್ತದೆ.

ಸಾಮಾನು ಮತ್ತು ಹವೆ

ಮುಖ್ಯ ತಂಡದ ಡ್ರಮ್ ಸೆಟ್ಟನ್ನು ಹಂಚಿಕೊಳ್ಳಲು ಒಪ್ಪಿದರೂ ಸ್ನೇರ್, ಸಿಂಬಲ್‌ಗಳು, ಕಿಕ್ ಪೆಡಲ್ ಮತ್ತು ಕೋಲು ನಿಮ್ಮವೇ ಆಗಿರಬೇಕು. ಒಡೆಯಬಹುದಾದದ್ದನ್ನು ಬೇರೆಯವರಿಂದ ಪಡೆಯಬಾರದು ಎಂಬುದು ಎಲ್ಲೆಡೆ ನಡೆಯುವ ರೂಢಿ. ಅವರ ಟಾಮ್‌ಗಳ ಶ್ರುತಿಯನ್ನು ಮುಟ್ಟಬೇಡಿ. ಸೀಟಿನ ಎತ್ತರ ಬದಲಿಸಿದ್ದರೆ ಮೊದಲು ಎಲ್ಲಿತ್ತೆಂದು ಟೇಪಿನಲ್ಲಿ ಗುರುತಿಟ್ಟು ಮತ್ತೆ ಅಲ್ಲಿಗೇ ತನ್ನಿ. ಗಿಟಾರಿಸ್ಟುಗಳು ತಮ್ಮ ಪೆಡಲುಗಳನ್ನು ಒಂದೇ ಹಲಗೆಗೆ ಕಟ್ಟಿ ತರಬೇಕು. ಬಿಡಿಬಿಡಿ ಪೆಡಲುಗಳನ್ನು ಚೀಲದಿಂದ ಒಂದೊಂದಾಗಿ ತೆಗೆದು ಜೋಡಿಸುವ ದೃಶ್ಯವನ್ನು ವೇದಿಕೆಯ ಉಸ್ತುವಾರಿಯವರು ಹಲ್ಲು ಕಚ್ಚಿಕೊಂಡು ನೋಡುತ್ತಾರೆ.

ತಂತಿಗಳನ್ನು ಒಂದೆರಡು ದಿನ ಮೊದಲೇ ಬದಲಿಸಿ, ಎಳೆದೆಳೆದು ಪಳಗಿಸಿ. ನಮ್ಮೂರಿನ ಡಿಸೆಂಬರ್–ಜನವರಿಯ ಬಯಲು ವೇದಿಕೆಯಲ್ಲಿ ಒಂದು ವಿಶೇಷ ತೊಂದರೆಯಿದೆ. ಸಂಜೆಯ ಚಳಿಗೆ ಉಕ್ಕಿನ ತಂತಿ ಕುಗ್ಗಿ ಶ್ರುತಿ ಮೇಲೇರುತ್ತದೆ. ವೇದಿಕೆಯ ದೀಪಗಳ ಕೆಳಗೆ ಕಾದು ಹಿಗ್ಗಿ ಕೆಳಗಿಳಿಯುತ್ತದೆ. ಹಿಂಬದಿಯ ಕೋಣೆಯಲ್ಲಿ ಮಾಡಿಕೊಂಡ ಶ್ರುತಿ ಮೇಲೆ ಹೋಗಿ ಐದು ನಿಮಿಷಕ್ಕೆ ಸುಳ್ಳಾಗುವುದು ಇದರಿಂದ. ಹತ್ತುವ ಕಾಲು ಗಂಟೆ ಮೊದಲೇ ಗಿಟಾರನ್ನು ವೇದಿಕೆಯ ಬದಿಗೆ ತಂದು ಆ ಹವೆಗೆ ಬಿಡಿ, ಆಮೇಲೆ ಶ್ರುತಿ ಮಾಡಿ. ಮೊದಲ ಹಾಡು ಮುಗಿದಾಗ ಸದ್ದು ಹೊರಗೆ ಹೋಗದಂತೆ ಟ್ಯೂನರ್ ಪೆಡಲ್ ಒತ್ತಿ ಇನ್ನೊಮ್ಮೆ ನೋಡಿ. ಚರ್ಮದ ವಾದ್ಯಗಳು ತೇವಕ್ಕೆ ಸಡಿಲಗೊಳ್ಳುತ್ತವೆ. ಅವನ್ನು ಕಾಯಿಸಿಕೊಳ್ಳುವ ವ್ಯವಸ್ಥೆ ಇರಲಿ, ಡೀಸೆಲ್ ಜನರೇಟರಿನ ಹತ್ತಿರ ಮಾತ್ರ ಬೇಡ. ಮಳೆಗಾಲದಲ್ಲಿ ಗಿಟಾರಿನ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡುವುದನ್ನು ಮಲೆನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೆಚ್ಚುವರಿ ತಂತಿ, ಎರಡು ಜ್ಯಾಕ್ ಕೇಬಲ್, ಪೆಡಲಿಗೆ 9 ವೋಲ್ಟ್ ಅಡಾಪ್ಟರ್, ಇನ್ಸುಲೇಷನ್ ಟೇಪ್, ಸಣ್ಣ ಟಾರ್ಚು, ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬಾಕ್ಸ್ ತನ್ನಿ. ಎಲ್ಲದರ ಮೇಲೂ ಬಣ್ಣದ ಟೇಪಿನಲ್ಲಿ ನಿಮ್ಮ ಗುರುತಿರಲಿ. ಕಪ್ಪು ಕೇಬಲ್‌ಗಳೆಲ್ಲ ರಾತ್ರಿ ಹನ್ನೊಂದಕ್ಕೆ ಒಂದೇ ರೀತಿ ಕಾಣುತ್ತವೆ.

ಕರೆಂಟು: ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ

ಬಯಲಿನ ವೇದಿಕೆ, ತಾತ್ಕಾಲಿಕ ಸಂಪರ್ಕ, ಜನರೇಟರ್, ಒದ್ದೆ ಹಲಗೆ. ಗಿಟಾರಿನ ಲೋಹದ ತಂತಿ ಹಿಡಿದವನು ಮೈಕಿಗೆ ತುಟಿ ತಾಗಿಸಿದಾಗ, ಆಂಪಿಗೂ ಮಿಕ್ಸರಿಗೂ ಅರ್ಥಿಂಗ್ ಸರಿಯಿಲ್ಲದಿದ್ದರೆ, ಅವನ ದೇಹದ ಮೂಲಕವೇ ವಿದ್ಯುತ್ ಹರಿಯುತ್ತದೆ. 230 ವೋಲ್ಟ್ ಜೀವ ತೆಗೆಯಬಲ್ಲದು. ಆದ್ದರಿಂದ ಹಾಡುವ ಮೊದಲು ಮೈಕಿನ ಜಾಲರಿಗೆ, ಆಂಪಿನ ಲೋಹದ ಭಾಗಕ್ಕೆ ಟೆಸ್ಟರ್ ಇಟ್ಟು ನೋಡಿ. ದೀಪ ಹತ್ತಿದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. “ಸ್ವಲ್ಪ ಜುಮ್ ಅನ್ನುತ್ತದೆ ಅಷ್ಟೆ” ಎನ್ನುವವರ ಮಾತು ಕೇಳಬೇಡಿ.

ಆಂಪಿನಿಂದ ಗುಂಯ್ ಎಂಬ ಸದ್ದು ಬರುತ್ತಿದ್ದರೆ ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಾಕುವ ಒಂದು ಕೆಟ್ಟ ಚಾಳಿ ನಮ್ಮಲ್ಲಿದೆ. ಅದನ್ನು ಎಂದೂ ಮಾಡಬಾರದು. ಡಿಐ ಬಾಕ್ಸಿನಲ್ಲಿ ಗ್ರೌಂಡ್ ಲಿಫ್ಟ್ ಎಂಬ ಸಣ್ಣ ಗುಂಡಿ ಇರುತ್ತದೆ. ಅದು ಕಡಿದುಹಾಕುವುದು ಸಂಗೀತದ ತಂತಿಯ ಗ್ರೌಂಡನ್ನು ಮಾತ್ರ. ಗುಂಯ್‌ಗುಟ್ಟುವುದಕ್ಕೆ ಅದೇ ಮದ್ದು.

ಆ ದಿನ

ಬೆಂಗಳೂರಿನಿಂದ ಇಲ್ಲಿಗೆ ಸುಮಾರು 250 ಕಿಲೊಮೀಟರ್. ಮುಖ್ಯ ತಂಡ ಹಾಸನ, ಬೇಲೂರು ದಾಟಿ ಬರುವಾಗ ತಡವಾಗುವುದು ಮಾಮೂಲು. ನೀವು ಮಾತ್ರ ಹೇಳಿದ ಹೊತ್ತಿಗೆ ಅಲ್ಲಿರಬೇಕು. ಧ್ವನಿ ಪರೀಕ್ಷೆಯ ಕ್ರಮ ತಲೆಕೆಳಗು: ಕೊನೆಗೆ ನುಡಿಸುವವರದು ಮೊದಲು, ಮೊದಲು ನುಡಿಸುವವರದು ಕೊನೆಗೆ. ಆಗ ನಿಮ್ಮ ಜೋಡಣೆ ಹಾಗೆಯೇ ಉಳಿದು ಕಾರ್ಯಕ್ರಮ ಶುರುವಾಗುತ್ತದೆ. ಅವರು ತಡವಾಗಿ ಬಂದರೆ ನಿಮ್ಮ ಪರೀಕ್ಷೆಯ ಹೊತ್ತು ಕರಗುತ್ತದೆ. ಪ್ರತಿ ಚಾನೆಲ್ಲಿನಲ್ಲಿ ಸದ್ದು ಬರುತ್ತಿದೆಯೇ ಎಂದಷ್ಟೇ ನೋಡುವ ಎರಡು ನಿಮಿಷದ ಲೈನ್ ಚೆಕ್‌ಗೆ ತೃಪ್ತರಾಗಬೇಕು. ಅದಕ್ಕೂ ತಯಾರಿರಿ.

ಅವರ ಪರೀಕ್ಷೆ ನಡೆಯುವಾಗ ದೂರದಲ್ಲಿ ಕೂತು ನೋಡಿ. ಟ್ಯೂಬ್ ಆಂಪ್ ಎಷ್ಟು ಕೆಳಗಿಟ್ಟಿದ್ದಾರೆ, ಡ್ರಮ್ಮರ್ ಎಷ್ಟು ಹದವಾಗಿ ಹೊಡೆಯುತ್ತಾನೆ, ಒಬ್ಬೊಬ್ಬರು ಎಷ್ಟು ಕಡಿಮೆ ಮಾತಾಡುತ್ತಾರೆ ಎಂದು ಗಮನಿಸಿ. ಆ ಒಂದು ಗಂಟೆ ಟಿಕೆಟ್ ಕೊಟ್ಟರೂ ಸಿಗದ ಪಾಠ.

ನಿಮ್ಮ ಸರದಿ ಬಂದಾಗ ಎಂಜಿನಿಯರ್ ಹೆಸರು ಹಿಡಿದು ಕರೆದ ವಾದ್ಯ ಮಾತ್ರ ನುಡಿಯಲಿ. ಡ್ರಮ್ಮರ್ ಕಿಕ್ ಒತ್ತುತ್ತಿರುವಾಗ ಗಿಟಾರಿಸ್ಟ್ ತನ್ನ ಪಾಡಿಗೆ ಕೊಯ್ಯುತ್ತ ನಿಂತರೆ ಐದು ನಿಮಿಷ ದಂಡ. ಎಲ್ಲರೂ ಸೇರಿ ನುಡಿಸುವಾಗ ನಿಮ್ಮ ಅತಿ ಜೋರಿನ ಹಾಡಿನ ಅತಿ ಜೋರಿನ ಭಾಗ ನುಡಿಸಿ. ಮಾನಿಟರಿನ ಬಗ್ಗೆ ಕೇಳುವಾಗ “ಏನೂ ಕೇಳಿಸುತ್ತಿಲ್ಲ” ಎನ್ನಬೇಡಿ. “ಎಡಗಡೆಯ ಮಾನಿಟರಿನಲ್ಲಿ ಹಾಡು ಸ್ವಲ್ಪ ಜಾಸ್ತಿ ಬೇಕು” ಎನ್ನಿ. ಮಿಕ್ಸರ್ ಡಿಜಿಟಲ್ ಆಗಿದ್ದರೆ ನಿಮ್ಮ ಹೊಂದಾಣಿಕೆಯನ್ನು ಉಳಿಸಿಡಲು ವಿನಂತಿಸಿ, ನಿಂತ ಜಾಗಗಳನ್ನು ಟೇಪಿನಲ್ಲಿ ಗುರುತಿಸಿ.

ಹೊರಗಿನ ಸದ್ದು ಮುಖ್ಯ ತಂಡಕ್ಕಿಂತ ನಿಮಗೆ ಕಡಿಮೆ ಇರುತ್ತದೆ. ಇದು ಪಿತೂರಿಯಲ್ಲ, ರಾತ್ರಿ ಏರುತ್ತ ಹೋಗಬೇಕೆಂದು ಎಂಜಿನಿಯರ್ ಬೇಕೆಂದೇ ಉಳಿಸಿಕೊಂಡಿರುತ್ತಾನೆ. ಅದಕ್ಕೆ ಎದುರಾಗಿ ಆಂಪ್ ಏರಿಸಿದರೆ ವೇದಿಕೆಯ ಗದ್ದಲದಲ್ಲಿ ಹಾಡುಗಾರನ ದನಿ ಮುಳುಗುತ್ತದೆ, ಅಷ್ಟೇ ಲಾಭ.

ವೇದಿಕೆಯ ಮೇಲೆ

ಉಸ್ತುವಾರಿಯವರು ಕೈ ಎತ್ತುವವರೆಗೆ ಶುರುಮಾಡಬೇಡಿ. ಎತ್ತಿದ ಮೇಲೆ ಮಾತಿಲ್ಲದೆ ಮೊದಲ ಹಾಡು. ಮುಂದಿನ ಸಾಲಿನ ಗಣ್ಯರ ಸೋಫಾಗಳು ಖಾಲಿಯಿರುತ್ತವೆ. ಅವುಗಳಿಗೆ ಹಾಡುತ್ತಿದ್ದೇನೆ ಎಂದು ಕುಗ್ಗಬೇಡಿ, ಕಣ್ಣನ್ನು ಹಿಂದೆ ಬಿದಿರಿನ ಕಟಕಟೆಗೆ ಒರಗಿ ನಿಂತ ಹುಡುಗರ ಕಡೆ ಇಡಿ. ಅವರು ಬಂದದ್ದು ಇನ್ನೊಬ್ಬರಿಗಾಗಿ, ನಿಜ. ಆದರೆ ಸಂಗೀತ ಕೇಳಲೆಂದೇ ಬಂದವರು ಆ ಮೈದಾನದಲ್ಲಿ ಅವರೇ.

ಬ್ಯಾಂಡಿನ ಹೆಸರನ್ನು ಎರಡು ಸಲ ಹೇಳಿ, ಎರಡನೆಯ ಹಾಡಿನ ಮೊದಲು ಮತ್ತು ಕೊನೆಯ ಹಾಡಿನ ಮೊದಲು. ಮುಖ್ಯ ತಂಡದ ಹೆಸರನ್ನು ಒಮ್ಮೆ. ಅವರನ್ನು ಎಷ್ಟು ವರ್ಷದಿಂದ ಕೇಳುತ್ತಿದ್ದೀರಿ ಎಂಬ ಕತೆ ಬೇಡ. ತಂತಿ ಕಡಿದರೆ ಉಳಿದವರು ನಿಲ್ಲಿಸಬಾರದು, ಮೈಕ್ ಸತ್ತರೆ ಪಕ್ಕದವನ ಮೈಕಿಗೆ ಹೋಗಿ ಹಾಡಬೇಕು. ತಪ್ಪು ಸ್ವರ ಹಿಡಿದವನ ಕಡೆ ತಿರುಗಿ ನೋಡುವುದು ಬ್ಯಾಂಡಿಗೆ ಮಾಡುವ ದ್ರೋಹ. ಜನಕ್ಕೆ ಗೊತ್ತಾಗದಿದ್ದದ್ದು ಆ ನೋಟದಿಂದ ಗೊತ್ತಾಗುತ್ತದೆ.

ಸಮಯದ ಬಗ್ಗೆ ಯಾಕಿಷ್ಟು ಕಾಳಜಿ ಎಂದರೆ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬ, ಸಾಂಸ್ಕೃತಿಕ ಸಂದರ್ಭಗಳಲ್ಲಿ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ವಿನಾಯಿತಿ ಇಲ್ಲದ ದಿನ ಹತ್ತು ಗಂಟೆಗೆ ಪೊಲೀಸರು ಮಿಕ್ಸರಿನ ಪಕ್ಕ ಬಂದು ನಿಲ್ಲುತ್ತಾರೆ. ಆರೂವರೆಗೆ ನೀವು ಕದ್ದ ಏಳು ನಿಮಿಷವನ್ನು ಮೆಚ್ಚಿದ ತಂಡ ತನ್ನ ಕೊನೆಯ ಹಾಡಿನಿಂದ ತೆರುತ್ತದೆ. ಒಂದು ನಿಮಿಷ ಮೊದಲೇ ಮುಗಿಸಿ.

ಇಳಿಯುವುದು

ಮೊದಲು ತೆರವು, ಆಮೇಲೆ ಜೋಡಿಸಿಡುವುದು. ಎಂಜಿನಿಯರ್ ಚಾನೆಲ್ ಮುಚ್ಚಿದ್ದಾನೆಂದು ಖಚಿತವಾಗುವ ತನಕ ಜ್ಯಾಕ್ ಕೀಳಬೇಡಿ, ಸ್ಪೀಕರಿನಿಂದ ಫಟ್ ಎಂದು ಸಿಡಿಯುತ್ತದೆ. ಸಿಂಬಲ್‌ಗಳನ್ನು ಸ್ಟ್ಯಾಂಡಿನ ಸಮೇತ ಎತ್ತಿಕೊಂಡು ಹೋಗಿ, ಬಿಚ್ಚುವ ಕೆಲಸ ಬದಿಯಲ್ಲಿ. ಪೆಡಲ್ ಹಲಗೆಯನ್ನು ಕೇಬಲ್ ಸಮೇತ ಎತ್ತಿ. ವೇದಿಕೆಯ ನಡುವೆ ಕೂತು ಕೇಬಲ್ ಸುತ್ತುವುದು, ಕೆಳಗಿನ ಗೆಳೆಯನಿಗೆ ಹೇಗಿತ್ತು ಎಂದು ಕೂಗುವುದು, ಎರಡೂ ನಿಷಿದ್ಧ. ಬದಿಗೆ ಬಂದ ಮೇಲೆ ಒಬ್ಬರು ಟಾರ್ಚು ಹಿಡಿದು ಹಿಂದಿರುಗಿ, ಬಿಟ್ಟುಹೋದದ್ದು ಏನಾದರೂ ಇದೆಯೇ ಎಂದು ನೋಡಿಬರಲಿ.

ಮೆಚ್ಚಿದವರನ್ನು ಮಾತಾಡಿಸಲು ಸರಿಯಾದ ಹೊತ್ತು ಅವರ ಕಾರ್ಯಕ್ರಮ ಮುಗಿದು, ಬೆವರು ಒರೆಸಿಕೊಂಡು, ನೀರು ಕುಡಿದ ಮೇಲೆ. ಅದಕ್ಕೆ ಮೊದಲು ನಮಸ್ಕಾರ ಮತ್ತು ಹೆಸರು ಸಾಕು. ನಿಮ್ಮ ಹಾಡುಗಳ ಪೆನ್‌ಡ್ರೈವ್ ಕೈಗಿಡಬೇಡಿ, ಆಶೀರ್ವಾದ ಕೇಳಬೇಡಿ. ನುಡಿಸುವುದರ ಬಗ್ಗೆ ಒಂದು ನಿರ್ದಿಷ್ಟ ಪ್ರಶ್ನೆ ಕೇಳಿ: ಆ ಹಾಡಿನ ಬೇಸ್‌ಗೆ ಯಾವ ತಂತಿ, ಮಧ್ಯದ ತಾಳ ಬದಲಾವಣೆಗೆ ಸನ್ನೆ ಯಾರದು, ಹೀಗೆ. ಹೊಗಳಿಕೆಗೆ ಅವರು ಥ್ಯಾಂಕ್ಸ್ ಹೇಳುತ್ತಾರೆ. ಇಂಥ ಪ್ರಶ್ನೆಗೆ ಕುರ್ಚಿ ಎಳೆದು ಕೂರುತ್ತಾರೆ. ಅವರ ಕಾರ್ಯಕ್ರಮವನ್ನು ಮಾತ್ರ ಕೊನೆಯವರೆಗೆ ನಿಂತು ನೋಡಿ, ಬದಿಯಿಂದಲ್ಲ, ಮಿಕ್ಸರಿನ ಹತ್ತಿರ ಜನರ ನಡುವೆ. ತಮ್ಮ ಪಾಳಿ ಮುಗಿಯಿತೆಂದು ಸಾಮಾನು ತುಂಬಿಕೊಂಡು ಹೊರಡುವ ಬ್ಯಾಂಡನ್ನು ಎಲ್ಲರೂ ಗಮನಿಸುತ್ತಾರೆ.

ಮರುದಿನದ ಕೆಲಸ

ಬಹಳಷ್ಟು ಡಿಜಿಟಲ್ ಮಿಕ್ಸರುಗಳು ಪೆನ್‌ಡ್ರೈವಿಗೆ ನೇರವಾಗಿ ಧ್ವನಿಮುದ್ರಿಸುತ್ತವೆ. ಖಾಲಿ ಪೆನ್‌ಡ್ರೈವ್ ಒಂದನ್ನು ಮಧ್ಯಾಹ್ನವೇ ಎಂಜಿನಿಯರ್‌ಗೆ ಕೊಟ್ಟು ಕೇಳಿಕೊಂಡಿದ್ದರೆ ಈಗ ನಿಮ್ಮ ಕೈಯಲ್ಲಿ ಮೊಬೈಲಿನದಕ್ಕಿಂತ ಎಷ್ಟೋ ಸ್ಪಷ್ಟವಾದ ಪ್ರತಿ ಇರುತ್ತದೆ. ಎಲ್ಲರೂ ಕೂತು ಕೇಳಿ, ವೇಗ ಎಲ್ಲಿ ಓಡಿತು ಎಂದು ಗುರುತುಮಾಡಿ. ಚಿತ್ರ ಹಾಕುವಾಗ ತೆಗೆದವರ ಹೆಸರು ಹಾಕಿ. ಮುಖ್ಯ ತಂಡದವರ ಚಿತ್ರಕ್ಕೆ ಅವರನ್ನು ಕೇಳಿ. “ಅವರ ಜೊತೆ ನುಡಿಸಿದೆವು” ಎಂದು ಬರೆಯಬೇಡಿ, “ಅವರಿಗೆ ಮೊದಲು ನುಡಿಸಿದೆವು” ಎಂದು ಬರೆಯಿರಿ. ಓದುವವರಲ್ಲಿ ಮುಂದಿನ ಸಂಘಟಕರೂ ಇರುತ್ತಾರೆ, ಅವರಿಗೆ ವ್ಯತ್ಯಾಸ ಗೊತ್ತು. ಸಂಘಟಕರಿಗೂ ಸೌಂಡ್‌ನವರಿಗೂ ಹೆಸರು ಹೇಳಿ ಧನ್ಯವಾದ ಕಳಿಸಿ. ಖರ್ಚಿನ ಚೀಟಿಗಳನ್ನು ಅದೇ ದಿನ ಫೋಟೊ ತೆಗೆದು ಒಪ್ಪಂದದ ಸಂದೇಶದ ಕೆಳಗೇ ಹಾಕಿ. ಸರ್ಕಾರಿ ಉತ್ಸವವಾಗಿದ್ದರೆ ಹಾಜರಾತಿಗೆ ಸಹಿ ಮಾಡಿ, ಬ್ಯಾಂಕ್ ವಿವರ ಕೊಟ್ಟು, ಕಡತ ಯಾರ ಮೇಜಿನ ಮೇಲಿದೆ ಎಂದು ಕೇಳಿಕೊಂಡೇ ಬನ್ನಿ.